ನೆತ್ತಿಯ ಮೇಲಿನ ಚೆಂಡುಹೂ

ಹೊಳೆದಂಡೆಯ ಆ ಆಶ್ರಮದಲ್ಲಿ ಸಿದ್ಧಿಯನ್ನು ಅಳೆಯಲು ಒಂದು ಚೆಂಡುಹೂ ಸಾಕಿತ್ತು.

ಧ್ಯಾನಕ್ಕೆ ಕೂತವನ ನೆತ್ತಿಯ ಮೇಲೆ ಬೆಳಗಿನ ಗಂಟೆಗೆ ಹೂ ಇಡುತ್ತಿದ್ದರು. ಸಂಜೆಯ ಗಂಟೆಯವರೆಗೆ ಅದು ಬೀಳದಿದ್ದರೆ ಆತ ಸಿದ್ಧ. ಸಿದ್ಧನಿಗೆ ಕಲ್ಲುಪೀಠ. ಪೀಠ ಏರಿದವನು ಮತ್ತೆ ನೆಲಕ್ಕೆ ಕಾಲಿಡುವಂತಿಲ್ಲ. ಸ್ನಾನಕ್ಕೂ ಹೊತ್ತುಕೊಂಡೇ ಹೋಗಬೇಕು.

ಪೀಠ ಬಹಳ ವರ್ಷಗಳಿಂದ ಖಾಲಿ ಬಿದ್ದಿತ್ತು. ಹೊಳೆದಂಡೆಯಲ್ಲಿ ಸೊಳ್ಳೆ ಜಾಸ್ತಿ.

ಶಿಷ್ಯ ಪಾಲಾಕ್ಷನ ತಲೆಯಿಂದ ಮಾತ್ರ ಹೂ ಬೀಳಲಿಲ್ಲ. ಕಾರಣ ಸರಳ. ತಲೆ ಅಲುಗಿದರೆ ಅವನಿಗೆ ಲೋಕವೇ ಗಿರ್ರೆಂದು ತಿರುಗುತ್ತಿತ್ತು.

ಒಂದು ಕೆಟ್ಟ ನೆಗಡಿ ಬಂದು ಹೋದ ಮೇಲೆ ಇದು ಶುರುವಾಗಿತ್ತು. ಬೆಳಿಗ್ಗೆ ಎದ್ದರೆ ಸೂರು ಸುತ್ತುತ್ತಿತ್ತು. ಗೋಡೆ ಹಿಡಿದು ತೆವಳಿಕೊಂಡು ಬಂದು ಜಗಲಿಯ ಕಂಬಕ್ಕೆ ಒರಗಿದ. ಕದಲದೆ ಕೂತರೆ ಲೋಕವೂ ಸುಮ್ಮನಿರುತ್ತದೆ ಎಂದು ತಿಳಿಯಿತು. ಹಾಗೇ ಕೂತ. ಯಾರೋ ಬಂದು ಹೂ ಇಟ್ಟರು.

ಆಶ್ರಮದ ಗುರು ಈರಕ್ಕ ಅಂದು ಸಂಜೆ ಬಂದು ಎದುರಿಗೆ ಕೂತರು.

"ಅಕ್ಕಾ, ಈ ಜಗತ್ತು ಸ್ಥಿರವಲ್ಲ ಅನ್ನುವುದನ್ನು ಕಣ್ಣಾರೆ ಕಂಡೆ," ಎಂದ ಪಾಲಾಕ್ಷ.

"ಕಂಡಾಗ ಏನಾಯಿತು?"

"ವಾಂತಿ ಆಯಿತು."

"ಜೀಪು ತರಿಸುತ್ತೇನೆ," ಎಂದರು ಈರಕ್ಕ.

ಪೇಟೆಯ ಕಿವಿ ಡಾಕ್ಟರು ಈರಕ್ಕನ ಎದುರಿಗೇ ಅವನ ತಲೆಯನ್ನು ಅತ್ತಿತ್ತ ತಿರುಗಿಸಿ, ಕಣ್ಣು ಹೇಗೆ ಓಡುತ್ತದೆಂದು ನೋಡಿದರು. ಒಳಗಿವಿಯ ನರಕ್ಕೆ ಬಾವು, ಎಂದರು. ಒಂದು ಕಿವಿ ನೀನು ಕೂತಿದ್ದೀ ಅನ್ನುತ್ತದೆ, ಇನ್ನೊಂದು ತಿರುಗುತ್ತಿದ್ದೀ ಅನ್ನುತ್ತದೆ. ಪಾಪ, ಮಿದುಳು ಯಾರನ್ನು ನಂಬಬೇಕು? ವಾಂತಿಗೆ ಕೆಲವೇ ದಿನ ಮಾತ್ರೆ. ಆಮೇಲೆ ದಿನಾ ತಲೆ ಆಡಿಸಬೇಕು, ನಡೆಯಬೇಕು. ಮೊದಮೊದಲು ತಿರುಗುತ್ತದೆ, ತಿರುಗಲಿ. ಮಿದುಳು ಕಲಿಯುವುದೇ ಹಾಗೆ.

ಪಾಲಾಕ್ಷ ಆಶ್ರಮಕ್ಕೆ ಬಂದವನೇ ಕಂಬಕ್ಕೆ ಒರಗಿ ಕೂತ. ಮಾತ್ರೆ ಮುಗಿದ ಮೇಲೂ ಕೂತೇ ಇದ್ದ. ಹೂವೂ ಕೂತಿತ್ತು.

ಆಶ್ರಮದ ಆಡಳಿತ ನೋಡುವ ದುಂಡಪ್ಪನವರು ಹುಣ್ಣಿಮೆಯಂದು ಪೀಠಾರೋಹಣ ಎಂದು ಊರೂರಿಗೆ ಹೇಳಿ ಕಳಿಸಿದರು. "ಮುಖದ ಕಳೆ ನೋಡಿ," ಎಂದು ಬಂದವರಿಗೆಲ್ಲ ತೋರಿಸಿದರು. ಅದು ವಾಕರಿಕೆ ತಡೆದುಕೊಂಡವನ ಕಳೆ.

"ಡಾಕ್ಟರು ಹೇಳಿದಂತೆ ತಲೆ ಆಡಿಸಿದೆಯಾ?" ಎಂದು ಕೇಳಿದರು ಈರಕ್ಕ.

"ಆಡಿಸಿದರೆ ತಿರುಗುತ್ತದೆ ಅಕ್ಕಾ."

"ತಿರುಗದಿದ್ದರೆ ಯಾತಕ್ಕೆ ಆಡಿಸಬೇಕಿತ್ತು?"

ಪಾಲಾಕ್ಷ ಕಣ್ಣನ್ನಷ್ಟೇ ಪೀಠದ ಕಡೆ ಹೊರಳಿಸಿದ. "ಪೀಠದ ಮೇಲಾದರೆ ಆ ಗೋಜೇ ಇಲ್ಲ," ಎಂದ.

"ಹೊಳೆಗೆ?"

"ಹೊತ್ತುಕೊಂಡು ಹೋಗುತ್ತಾರೆ."

"ಎಮ್ಮೆಗಿಂತ ಮೊದಲು ನೀರಿಗೆ ಬೀಳುತ್ತಿದ್ದವನು ನೀನು."

ಹೊಳೆ ಅಲ್ಲೇ ಕೆಳಗೆ ಸದ್ದು ಮಾಡುತ್ತಿತ್ತು. ಒಮ್ಮೆ ಪೀಠ ಏರಿದರೆ ಹೊಳೆಯ ಮೆಟ್ಟಿಲನ್ನು ಪಾಲಾಕ್ಷ ತನ್ನ ಕಾಲಿಂದ ಇಳಿಯುವುದು ಮುಗಿಯಿತು.

"ಪೀಠ ಬೇಡ ಅಂತ ನೀವೇ ಒಂದು ಮಾತು ಹೇಳಿಬಿಡಿ," ಎಂದ.

"ಹೂ ನನ್ನ ತಲೆಯ ಮೇಲಿಲ್ಲ."

ಈರಕ್ಕ ಒಂದು ಹಣತೆ ಹಚ್ಚಿ ಅವನ ಮುಂದಿಟ್ಟರು. "ಕಣ್ಣು ದೀಪದ ಮೇಲಿರಲಿ. ಅಲ್ಲಿಂದ ಕಣ್ಣು ಕೀಳದೆ, ತಲೆ ಮಾತ್ರ ಎಡಕ್ಕೆ ಬಲಕ್ಕೆ ಆಡಲಿ."

"ಇದು ಯಾವ ಯೋಗ ಅಕ್ಕಾ?"

"ಡಾಕ್ಟರು ನಿನಗೇ ಮಾಡಿ ತೋರಿಸಿದ್ದು. ನೀನು ಆಗ ಕಣ್ಣು ಮುಚ್ಚಿಕೊಂಡಿದ್ದೆ."

ಮರುದಿನ ಬೆಳಿಗ್ಗೆ ಮೊದಲ ಸಲ ತಲೆ ಆಡಿಸಿದಾಗಲೇ ಹೂ ಬಿತ್ತು. ಅದರ ಹಿಂದೆಯೇ ಇಡೀ ಜಗಲಿ ಮಗುಚಿದಂತಾಯಿತು. ಪಾಲಾಕ್ಷ ಕಂಬ ತಬ್ಬಿಕೊಂಡ. ತಿರುಗುವುದು ತಗ್ಗಿದ ಮೇಲೆ ಮತ್ತೆ ಆಡಿಸಿದ.

ಈಗ ಭಕ್ತಿ ಇಳಿಯಬೇಕಿತ್ತು. ಆದರೆ ಭಕ್ತಿ ಅಷ್ಟು ಸುಲಭದಲ್ಲಿ ವಾಸಿಯಾಗುವುದಿಲ್ಲ.

"ಇದಲ್ಲ, ಇದಲ್ಲ ಅನ್ನುತ್ತಿದ್ದಾರೆ," ಎಂದು ದುಂಡಪ್ಪನವರು ಉದ್ದಕ್ಕೆ ಅಡ್ಡಬಿದ್ದರು. "ಕಂಡದ್ದನ್ನೆಲ್ಲ ನಿರಾಕರಿಸುತ್ತಿದ್ದಾರೆ. ಇನ್ನು ಹೂವಿನ ಹಂಗೇಕೆ?"

ಬಾಳೆಹಣ್ಣು ತಂದ ಹೆಂಗಸಿಗೂ ಪಾಲಾಕ್ಷನ ತಲೆ ಬೇಡವೆಂದಿತು. ಆಕೆ ಮುಖ ಸಣ್ಣದು ಮಾಡಿಕೊಂಡು ಹೋಗಿ, ಮಾರನೆಯ ದಿನ ಮಾವಿನಹಣ್ಣು ತಂದಳು.

ಕ್ರಮೇಣ ಸೂರು ಸುತ್ತುವುದು ಕಡಿಮೆಯಾಯಿತು. ಪಾಲಾಕ್ಷ ಈಗ ತಲೆಯನ್ನು ಮೇಲೆ ಕೆಳಗೆ ಆಡಿಸಲು ತೊಡಗಿದ. ಸರಿಯಾಗಿ ಅದೇ ಹೊತ್ತಿಗೆ ದುಂಡಪ್ಪನವರು ಬಂದು, "ಹುಣ್ಣಿಮೆಗೆ ಪೀಠ ಏರುವುದು ತಮಗೆ ಒಪ್ಪಿಗೆ ತಾನೆ?" ಎಂದು ಕೇಳಿದರು.

ಪಾಲಾಕ್ಷ ಬಾಯಿ ತೆರೆಯುವಷ್ಟರಲ್ಲಿ ಅವರು ಚಪ್ಪರದವರನ್ನು ಕರೆಯಲು ಹೋಗಿಯಾಗಿತ್ತು.

ಹುಣ್ಣಿಮೆ ಬಂತು. ಜಗಲಿಯ ತುಂಬ ಜನ. ಪೀಠಕ್ಕೆ ರೇಷ್ಮೆ ಹಾಸಿದ್ದರು. ಹೊರುವವರು ಹೆಗಲಿಗೆ ಟವೆಲು ಹಾಕಿಕೊಂಡು ನಿಂತಿದ್ದರು.

ಪಾಲಾಕ್ಷ ಕಂಬ ಬಿಟ್ಟು ಎದ್ದು ನಿಂತ. ನೆಲ ದೋಣಿಯಂತೆ ತೂಗಿತು. ಪೀಠ ಕೈಗೆಟುಕುವಷ್ಟು ಹತ್ತಿರವಿತ್ತು. ಅಲ್ಲಿ ಕೂತುಬಿಟ್ಟರೆ ಈ ತೂಗಾಟವೆಲ್ಲ ನಿಲ್ಲುತ್ತದೆ.

"ದುಂಡಪ್ಪನೋರೇ," ಎಂದ, "ನಾನು ಹೊಳೆಗೆ ಹೋಗುತ್ತೇನೆ."

"ಅದಕ್ಕೇನು ಬುದ್ಧೀ, ಹೊರುವವರಿದ್ದಾರೆ."

"ಬೇಡ. ಇವತ್ತಿಗಷ್ಟೇ ಅಲ್ಲ. ಯಾವತ್ತಿಗೂ ಬೇಡ. ನಾನು ಸಿದ್ಧನಲ್ಲ, ನನಗೆ ಕಿವಿ ಸರಿಯಿರಲಿಲ್ಲ."

ಪಾಲಾಕ್ಷ ಈರಕ್ಕನ ಕಡೆ ನೋಡಿದ.

"ಮೇಲಿನ ಮೆಟ್ಟಿಲಲ್ಲಿ ಕೂತು ಹೊಳೆ ನೋಡು," ಎಂದರು ಈರಕ್ಕ. "ಈಜು ಈಗಲೇ ಬೇಡ."

ಅವನು ಕಾಲು ಅಗಲಿಸಿ ನಡೆದ. ಕಣ್ಣನ್ನು ಆಚೆದಡದ ಹುಣಸೆಮರಕ್ಕೆ ನೆಟ್ಟಿದ್ದ. ಬಲಕ್ಕೆ ವಾಲಿ ಚಪ್ಪರದ ಗಳಕ್ಕೆ ಹೆಗಲು ತಾಗಿಸಿದ. ಎಡಕ್ಕೆ ವಾಲಿ ಹಣ್ಣಿನ ಹೆಂಗಸಿನ ಬುಟ್ಟಿಯನ್ನು ಇನ್ನೇನು ಒದೆಯಲಿದ್ದವನು ತಪ್ಪಿಸಿಕೊಂಡ. ಅವನಿಗೆ ನಗು ಬಂತು. ನಗುತ್ತಲೇ ಮೆಟ್ಟಿಲ ಕಡೆ ಹೋದ.

ದುಂಡಪ್ಪನವರಿಗೆ ಅಳುವೇ ಬರುವಂತಿತ್ತು.

"ಮೊನ್ನೆಮೊನ್ನೆಯವರೆಗೆ ಬಂಡೆಯ ಹಾಗೆ ಕೂತಿದ್ದವನು ಅಕ್ಕಾ. ಇವತ್ತು ನೋಡಿದರೆ ಕುಡುಕನ ಹಾಗೆ ನಡೆಯುತ್ತಿದ್ದಾನೆ."

ಈರಕ್ಕ ಹಣೆಗೆ ಕೈ ಅಡ್ಡಹಿಡಿದು ಅವನನ್ನೇ ನೋಡುತ್ತಿದ್ದರು.

"ಹೌದಪ್ಪಾ," ಎಂದರು. "ಎಷ್ಟೋ ಸುಧಾರಿಸಿದ್ದಾನೆ."