ಪುಟ್ಟ ದೊರೆಯ ಆನೆ

ಹುಲಿಗುಡ್ಡದ ಪಾಳೆಯಗಾರ ತೀರಿಕೊಂಡಾಗ ಮಗ ಬಸವಂತ ನಾಯಕನಿಗೆ ಆರೇ ವರ್ಷ. ಪಟ್ಟವೇನೋ ಮಗುವಿಗೇ ಆಯಿತು, ಆದರೆ ದರ್ಬಾರು ಚಿಕ್ಕಪ್ಪ ಭುಜಂಗ ನಾಯಕನದು. ಅವನು ಕಿವಿಯಲ್ಲಿ ಉಸುರಿದ್ದನ್ನೇ ಮಗು ಒಪ್ಪಿಸುತ್ತಿತ್ತು. ದೊರೆಯ ಮಾತು ಮೀರಿದವರಿಗೆ ಗಡೀಪಾರು ಎಂದು ಅವನೇ ಡಂಗುರ ಹೊಡೆಸಿದ್ದ.

ಮಗು ತನಗಿಂತ ದಾದಿ ಗಿರಿಯವ್ವನನ್ನೇ ಹಚ್ಚಿಕೊಂಡಿದ್ದು ಅವನಿಗೆ ಸಹಿಸಲಾಗಲಿಲ್ಲ. ಒಂದು ದಿನ ತುಂಬಿದ ಸಭೆಯಲ್ಲಿ ಮಗು, "ಗಿರಿಯವ್ವ ಊರು ಬಿಡಲಿ," ಎಂದು ಒಪ್ಪಿಸಿತು. ಆಮೇಲೆ ಅರ್ಥವಾಗಿ ತುಟಿ ನಡುಗಿಸಿತು.

ಗಿರಿಯವ್ವ ಕೈಮುಗಿದಳು. "ಅಪ್ಪಣೆ, ಬುದ್ಧಿ. ನಾನು ಹೋದಮೇಲೆ ನಿಮ್ಮನ್ನು ಬೆನ್ನ ಮೇಲೆ ಕೂರಿಸಿಕೊಂಡು ಆನೆಯಾಗುವವರು ಯಾರು? ಅದನ್ನೂ ಅಪ್ಪಣೆ ಕೊಡಿಸಿ."

ಮಗುವಿನ ಕಣ್ಣರಳಿತು. "ಚಿಕ್ಕಪ್ಪ!"

"ಮಗುವಿನ ಮಾತಿಗೇನು ಬೆಲೆ?" ಎಂದು ಭುಜಂಗ ನಾಯಕ ಗದರಿದ.

"ಬೆಲೆಯಿಲ್ಲವಾದರೆ ನಾನೂ ಹೋಗಬೇಕಾಗಿಲ್ಲವಲ್ಲ, ಸ್ವಾಮಿ," ಎಂದಳು ಗಿರಿಯವ್ವ ಮೆಲ್ಲಗೆ.

ಸಭೆಯೆಲ್ಲ ಅವನನ್ನೇ ನೋಡಿತು. ದೊರೆಯ ಮಾತಿಗೆ ಬೆಲೆಯಿಲ್ಲವೆಂದರೆ ತನ್ನ ಅಧಿಕಾರವೂ ಕೈತಪ್ಪುವುದೆಂದು ಅವನಿಗೆ ಹೊಳೆಯಿತು. "ಬೆಲೆಯಿದೆ, ಇದೆ," ಎಂದು ತೊದಲುತ್ತ, ಜರತಾರಿ ಅಂಗಿ ಎತ್ತಿಕೊಂಡು ಮೊಣಕಾಲೂರಿದ.

ಮಗು ಅವನ ಬೆನ್ನೇರಿ ಕೂತಿತು. ಈಗ ಕಿವಿಯಲ್ಲಿ ಉಸುರುವವರು ಯಾರೂ ಇರಲಿಲ್ಲ.

"ಗಿರಿಯವ್ವ ಎಲ್ಲೂ ಹೋಗಬಾರದು," ಎಂದು ದೊರೆ ಗಟ್ಟಿಯಾಗಿ ಅಪ್ಪಣೆ ಕೊಟ್ಟ.