ರಾಜಕುಮಾರನ ಬಲಗೈ

ತಿಪ್ಪವ್ವನ ತೊಗಲುಗೊಂಬೆಗಳ ಪೆಟ್ಟಿಗೆಯಲ್ಲಿ ರಾಜಕುಮಾರನಿಗೆ ಮೇಲಿನ ಜಾಗ, ರಾಕ್ಷಸನಿಗೆ ತಳ. ಅವನನ್ನು ಕಪ್ಪು ಬಟ್ಟೆಯಲ್ಲಿ ಬೇರೆಯಾಗಿ ಸುತ್ತಿಡಬೇಕು. ಒಳ್ಳೆಯವರಿಗೆ ಕೆಟ್ಟವರ ಸೋಂಕು ತಗಲಬಾರದೆಂದು ಅವರ ಮನೆತನದ ಕಟ್ಟಳೆ.

ಒಂದು ಸಂಜೆ ಪೆಟ್ಟಿಗೆ ತೆರೆದರೆ ರಾಜಕುಮಾರನ ಬಲಗೈಯನ್ನು ಇಲಿ ತಿಂದಿತ್ತು. ಜನ ಆಗಲೇ ಬಂದು ಕೂತಿದ್ದರು. ತಿಪ್ಪವ್ವ ರಾಕ್ಷಸನ ಬಲಗೈ ಬಿಚ್ಚಿ ರಾಜಕುಮಾರನಿಗೆ ಕಟ್ಟಿದಳು.

“ಈ ಉಗುರು ಕಂಡರೆ ಜನ ಏನಂದಾರು?” ಎಂದು ರಾಜಕುಮಾರ ಮುಖ ಸಿಂಡರಿಸಿದ.

“ಏಟು ಯಾರಿಗೆ ಬಿತ್ತು ಅನ್ನುವುದನ್ನಷ್ಟೇ ಜನ ನೋಡುತ್ತಾರೆ, ಪ್ರಭು,” ಎಂದ ರಾಕ್ಷಸ.

ಹಾಗೇ ಆಯಿತು. ರಾಕ್ಷಸ ಇದ್ದೊಂದು ಕೈಯಿಂದ ತಲೆ ಮುಚ್ಚಿಕೊಂಡ. ರಾಜಕುಮಾರ ಆ ಉಗುರುಗೈಯಿಂದ ಬಾರಿಸಿದ. ಊರಿಗೆ ಊರೇ ಚಪ್ಪಾಳೆ ತಟ್ಟಿತು. ಮುಂದೆ ಕೂತಿದ್ದ ಅಜ್ಜಿಯೊಬ್ಬಳು ಮಾತ್ರ, “ಸಾಕು ಬಿಡಪ್ಪಾ, ಸತ್ತುಹೋದಾನು,” ಅಂದಳು.

ಮರುದಿನ ತಿಪ್ಪವ್ವ ಹೊಸ ಕೈ ಕತ್ತರಿಸಿ, ಬಣ್ಣ ಹಚ್ಚಿ ತಂದಳು. ಬೆರಳುಗಳು ಮಲ್ಲಿಗೆ ಮೊಗ್ಗಿನಂತಿದ್ದವು.

“ಹಾಗಾದರೆ ನನ್ನ ಕೈ ನನಗೆ ಕೊಡಿ,” ಎಂದ ರಾಕ್ಷಸ.

“ಆಗದು,” ಎಂದ ರಾಜಕುಮಾರ. “ಇದು ಈಗ ಧರ್ಮದ ಕೈ. ನಿನ್ನ ಬಳಿ ಬಿಟ್ಟರೆ ಕೆಟ್ಟುಹೋಗುತ್ತದೆ.”

ತಿಪ್ಪವ್ವ ವಾದಕ್ಕೆ ನಿಲ್ಲಲಿಲ್ಲ. ಹೊಸ ಕೈಯನ್ನು ರಾಕ್ಷಸನಿಗೆ ಕಟ್ಟಿ ಅವನನ್ನು ಪಕ್ಕಕ್ಕಿಟ್ಟಳು. ಆಮೇಲೆ ಉಗುರಿದ್ದವನನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿ ತಳಕ್ಕೆ ಹಾಕಿದಳು.

ಪೆಟ್ಟಿಗೆ ಮುಚ್ಚಿದ ಬಳಿಕ ಮೇಲಿನ ಜಾಗದಿಂದ ರಾಕ್ಷಸ ಮೆಲ್ಲಗೆ ವಿಚಾರಿಸಿದ: “ಉಸಿರು ಕಟ್ಟುತ್ತಿದೆಯೇ, ಪ್ರಭು? ಮೊದಲ ನಲವತ್ತು ವರ್ಷ ಹಾಗೇ ಅನ್ನಿಸುತ್ತದೆ.”