ಗೂಳಿದುರ್ಗದ ಡಂಗುರ

ಗೂಳಿದುರ್ಗದ ಪಾಳೆಯಗಾರ ಬೊಮ್ಮಣ್ಣ ನಾಯಕರಿಗೆ ಒಂದು ದಿನ ಅಧಿಕಾರದ ಪಿತ್ತ ನೆತ್ತಿಗೇರಿತು. ತುಂಬಿದ ಸಭೆಯಲ್ಲಿ ಮೀಸೆ ತಿರುವಿ, "ಇಂದಿನಿಂದ ನನ್ನ ಅಪ್ಪಣೆಯಿಲ್ಲದೆ ಯಾರೂ ಯಾವ ಕೆಲಸವನ್ನೂ ಮಾಡಕೂಡದು. ಬಾಯಿಮಾತಿನ ಅಪ್ಪಣೆ ಸಾಲದು. ಡಂಗುರ ಸಾರಿದ ಮೇಲೇ ಕೆಲಸ!" ಎಂದರು.

ಪಾಪ, ಕುಂಬಾರ ಚೌಡಪ್ಪ ಆವತ್ತೇ ಮಡಕೆ ಸುಡಲು ಬೆಂಕಿ ಹಾಕಿಬಿಟ್ಟ. ಹಿಡಿದು ಸೆರೆಗೆ ತಳ್ಳಿದರು. ಮರುದಿನ ಮಧ್ಯಾಹ್ನ ಐವತ್ತು ಛಡಿಯೇಟು!

ಅವನ ಹೆಂಡತಿ ಮಾರಕ್ಕ ಆಸ್ಥಾನದ ಕರಣಿಕ ಲಿಂಗರಸನ ಮನೆಗೆ ಓಡಿಬಂದಳು. "ಐವತ್ತು ಏಟು ತಿಂದು ಉಳೀತಾನಾ ಸ್ವಾಮಿ? ಐದಕ್ಕೇ ಹೋಗ್ತಾನೆ!"

"ಅಳಬೇಡ ಕಣವ್ವ. ನಾಯಕರ ಮಾತನ್ನ ನಾವಿನ್ನೂ ಸರಿಯಾಗಿ ಪಾಲಿಸಿಲ್ಲ, ಅಷ್ಟೇ."

ಲಿಂಗರಸ ಅರಮನೆಯ ಆಳುಗಳ ಕಿವಿಯಲ್ಲೂ ಡಂಗುರದ ಕಾಟಯ್ಯನ ಕಿವಿಯಲ್ಲೂ ಏನೋ ಊದಿದ.

ಬೆಳಿಗ್ಗೆ ನಾಯಕರು ಮೈಗೆಲ್ಲ ಹರಳೆಣ್ಣೆ ಮೆತ್ತಿಕೊಂಡು, ತಲೆಗೆ ಸೀಗೆಪುಡಿ ತಿಕ್ಕಿಕೊಂಡು ಬಚ್ಚಲಲ್ಲಿ ಕೂತರು. ಪುಡಿ ಕಣ್ಣಿಗೆ ಬಿತ್ತು.

"ಅಯ್ಯಯ್ಯೋ! ನೀರು ಹುಯ್ಯಿರೋ!"

ತಂಬಿಗೆ ಎತ್ತಿದ ಆಳು ಎತ್ತಿದಂತೆಯೇ ನಿಂತ. ಬಾಗಿಲಲ್ಲಿದ್ದ ಲಿಂಗರಸ ಕೈಮುಗಿದು, "ಡಂಗುರ ಆಗ್ಲಿ ಬುದ್ಧಿ," ಎಂದ.

ಢಣಢಣಢಣ! "ಕೇಳ್ರಪ್ಪೋ ಕೇಳಿ! ನಾಯಕರ ಕಣ್ಣಿಗೆ ಸೀಗೆಪುಡಿ ಬಿದ್ದೈತೆ! ನೀರು ಹುಯ್ಯೋಕೆ ಅಪ್ಪಣೆಯಾಗೈತೆ!"

ಕಾಟಯ್ಯ ಏಳು ಬೀದಿ ಸುತ್ತಿ ಬರುವಷ್ಟರಲ್ಲಿ ನಾಯಕರ ಕಣ್ಣು ಕೆಂಪಗೆ ಊದಿಕೊಂಡಿತ್ತು. ಅವನ ಹಿಂದೆಯೇ ಅರ್ಧ ಊರು ಬಂದು ಬಚ್ಚಲ ಗೋಡೆಯಾಚೆ ನಿಂತಿತು. ಇಂಥ ತಮಾಷೆ ಯಾರು ಬಿಡುತ್ತಾರೆ ಹೇಳಿ!

ಒಂದು ತಂಬಿಗೆ ನೀರು ಬಿತ್ತು. ಅಷ್ಟರಲ್ಲಿ ಬೆನ್ನು ತುರಿಸತೊಡಗಿತು. ಆ ಹೊಟ್ಟೆ ಹೊತ್ತುಕೊಂಡು ಕೈ ಬೆನ್ನಿಗೆ ಎಟಕುವುದುಂಟೇ?

"ಯಾರಾದ್ರೂ ಕೆರೆಯಿರೋ!"

ಊರೇ ಗೋಡೆಯಾಚೆ ಬಂದಿತ್ತಲ್ಲ, ಕಾಟಯ್ಯ ಈ ಸಲ ಅಲ್ಲೇ ನಿಂತು ಸಾರಿದ: "ಕೇಳ್ರಪ್ಪೋ ಕೇಳಿ! ನಾಯಕರ ಬೆನ್ನು ತುರಿಸ್ತೈತೆ!"

ಆಳು ಒಂದು ಸಲ ಕೆರೆದ.

"ಅಲ್ಲಲ್ಲ, ಕೆಳಗೆ!"

"ಕೇಳ್ರಪ್ಪೋ! ಕೆಳಗಂತೆ!"

"ಇನ್ನೂ ಕೆಳಗೆ ಕಣೋ!"

"ಇನ್ನೂ ಕೆಳಗಂತೆ!"

ಗೋಡೆಯಾಚೆ ಜನ ಬಿದ್ದು ಬಿದ್ದು ನಕ್ಕರು. ನಾಯಕರಿಗೆ ನಾಚಿಕೆಯಿಂದ ಸತ್ತೇ ಹೋಗುವ ಹಾಗಾಯಿತು.

"ಲಿಂಗರಸಾ, ಸಾಕಯ್ಯ! ಆ ಹಾಳು ಅಪ್ಪಣೆ ರದ್ದು! ರದ್ದು ಅಂತ ಸಾರಿಸು!"

"ಸಾರಿಸ್ತೀನಿ ಬುದ್ಧಿ. ಆದ್ರೆ ಜನ ಕಾರಣ ಕೇಳ್ತಾರೆ. ನಾಯಕರಿಗೆ ತುರಿಕೆ ತಡೀಲಿಲ್ಲ ಅಂತ ಸಾರಿಸಲೋ, ಕುಂಬಾರ ಚೌಡಪ್ಪನ ಮೇಲೆ ಕರುಣೆ ಬಂತು ಅಂತ ಸಾರಿಸಲೋ?"

ನಾಯಕರು ಗೋಡೆಗೆ ಬೆನ್ನು ಉಜ್ಜುತ್ತಲೇ ಕಿರುಚಿದರು: "ಕರುಣೆ ಕಣಯ್ಯ, ಕರುಣೆ! ಅವನನ್ನ ಬಿಡು, ನನ್ನ ಬೆನ್ನು ಕೆರಿ!"